ಬಂಗಡೆ ತಿನ್ನದವನ ಕರಾವಳಿ ಕೈಪಿಡಿ

ಶಹಾಪುರ, ಬೆಳಗಾವಿ
೧೦ ಜೂನ್ ೨೦೨೫

ಗೆಳೆಯ ಜುಲ್ಫಿಕಾರನಿಗೆ ಬಸಯ್ಯನ ನಮಸ್ಕಾರಗಳು.

ಇತ್ತ ಕ್ಷೇಮ. ಅತ್ತ ಕ್ಷೇಮವೋ ಇಲ್ಲವೋ ತಿಳಿಯಲು ನನಗೆ ದಾರಿಯಿಲ್ಲ, ಏಕೆಂದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ನಿಮ್ಮಲ್ಲಿ ಮನೆಗೂ ಬೇಕರಿಗೂ ಒಂದೇ ಫೋನು, ಹಾಗಾಗಿ ಒಂದೇ ಏಟಿಗೆ ಎರಡೂ ಬಾಗಿಲು ಮುಚ್ಚಿದವು. ಅಂಚೆ ಇಲಾಖೆಯಲ್ಲಿ ಈ ಸೌಲಭ್ಯ ಇನ್ನೂ ಬಂದಿಲ್ಲ. ಬರುವ ಮುಂಚೆ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಬಕ್ರೀದ್ ಹಬ್ಬದ ಶುಭಾಶಯ, ಮೂರು ದಿನ ತಡವಾಗಿ.

ವಿಷಯಕ್ಕೆ ಬರುತ್ತೇನೆ. ಕುಮಟೆಯವರೆಗೆ ಹೋಗುವ ನಮ್ಮ ಟ್ರಾವೆಲ್ಸಿನ ಕಾರವಾರ ಬಸ್ಸಿನಲ್ಲಿ ಹಂಚಲು ಹೋದ ವರ್ಷ ನಾನು ‘ಕರಾವಳಿಯಲ್ಲಿ ಎಲ್ಲಿ ಉಣ್ಣಬೇಕು’ ಎಂಬ ಪುಸ್ತಿಕೆ ಬರೆದದ್ದು ನಿನಗೆ ಗೊತ್ತು. ಅದರ ಮೊದಲ ಪುಟದ ‘ಜುಲ್ಫಿಕಾರನ ಖಾರಿ, ಹಲ್ಲಿಗೆ ಭಾರಿ’ ಎಂಬ ಸಾಲಿನಿಂದಲೇ ನಮ್ಮ ಮಾತು ನಿಂತಿತು. ನಿನ್ನ ಬೇಕರಿಯ ಖಾರಿ ಬಿಸ್ಕೀಟಿಗೆ ನನ್ನ ಬಳಿ ಇದ್ದ ಪ್ರಾಸಗಳು ದಾರಿ, ಭಾರಿ, ಮಾರಿ. ‘ಮಾರಿ’ ಬೇಡವೆಂದು ನಾನೇ ಬಿಟ್ಟೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಖಾನಾಪುರ ದಾಟಿದ ಮೇಲೆ ಪುಸ್ತಿಕೆ ಇನ್ನೂ ಕೆಟ್ಟಿದೆಯಂತೆ. ಜಂಗಮರ ಮನೆಯವನಾದ ನನಗೆ ಮೀನಿನ ಪರಿಚಯ ಕಣ್ಣಿನಿಂದ ಮಾತ್ರ. ನಾಲಿಗೆಗೆ ತಿಳಿಯದ್ದನ್ನು ಪ್ರಾಸಕ್ಕೆ ಬಿಟ್ಟೆ. ‘ಗೋಕರ್ಣದ ಸುಂಗಟೆ, ಮರೆತೇಹೋಯ್ತು ಗಂಟೆ’ ಎಂದು ಬರೆದ ಜಾಗದಲ್ಲಿ ಸೀಗಡಿ ಇಲ್ಲ, ಟೈರ್ ಪಂಕ್ಚರ್ ಅಂಗಡಿ ಇದೆ. ‘ಕುಮಟೆಯ ಏಡಿ, ಬಸ್ಸು ತಪ್ಪಿದರೂ ನೋಡಿ’ ಎಂಬುದನ್ನು ನಂಬಿ ಅರ್ಧ ಬಸ್ಸು ಜನ ಏಡಿಯ ಹಿಂದೆ ಹೋಗಿ ಖರೇನೇ ಬಸ್ಸು ತಪ್ಪಿಸಿಕೊಂಡರು. ಮಾಲೀಕ ಸಂಜಯ ಸಾಹೇಬರು ಕರೆದು, “ಬಸಯ್ಯನವರ, ದಸರಾದೊಳಗ ತಿಂದು ನೋಡಿ ಬರದ ಪುಸ್ತಕ ಬೇಕು. ಇಲ್ಲಾಂದ್ರ ಪೆನ್ನು ಬಿಟ್ಟು ಡಿಕ್ಕಿ ಹಿಡೀರಿ, ಲಗೇಜ್ ಏರಸಾಕ ಆಳಿಲ್ಲ,” ಎಂದಿದ್ದಾರೆ.

ನನಗೆ ಗೊತ್ತಿರುವ ನಾಲಿಗೆಗಳಲ್ಲಿ ನಿನ್ನದೇ ಪ್ರಾಮಾಣಿಕ. ಖಾನಾಪುರದ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಾಗ ನನ್ನ ಡಬ್ಬಿಯ ಕಡಲೆಹಿಟ್ಟಿನ ಜುಣಕವನ್ನು ಮುಖ ಸಿಂಡರಿಸಿ ತಿಂದವನು ನೀನು. ಕಾರವಾರದಿಂದ ಗೋಕರ್ಣದವರೆಗೆ ಹೋಗಿ ತಿಂದು ಬಾ. ಹೋಟೆಲಿನವರಿಗೆಲ್ಲ ಕಂಪನಿಯಿಂದ ಹೇಳಿಸಿರುತ್ತೇನೆ, ನೀನು ಅವರ ಅತಿಥಿ. ಏನು ರುಚಿ, ಏನು ಅರುಚಿ ಎಂದು ಬರೆ. ಉಳಿದದ್ದು ನನ್ನ ಪಾಲು.

ಇಷ್ಟೇ ವಿಷಯ. ಬೇರೆ ಏನೂ ಇಲ್ಲ.

ನಿನ್ನ,
ಬಸಯ್ಯ

---

ಖಾನಾಪುರ
೧೯ ಜೂನ್ ೨೦೨೫

ಬಸಯ್ಯಾ,

ಕಾಗದ ಮುಟ್ಟೇತಿ. ನಾ ಹೋಗಾಂಗಿಲ್ಲ. ಮಳಿಗಾಲದಾಗ ಎರಡು ತಿಂಗಳ ಸಮುದ್ರಕ್ಕ ದೋಣಿ ಇಳಸಾಕ ಬಂದಿ ಐತಿ, ಮೀನ ತತ್ತಿ ಇಡೂ ಹೊತ್ತು. ಈಗ ಹೋದರ ಬರಫಿನಾಗ ಇಟ್ಟ ಹಳೇ ಮೀನ ತಿನಬೇಕು. ಇಷ್ಟೂ ಗೊತ್ತಿಲ್ಲದಾಂವ ಮೀನಿನ ಪುಸ್ತಕ ಬರದಾನ, ಶಾಬಾಸ್. ಮತ್ತ ನನ್ನ ಖಾರಿ ಹಲ್ಲಿಗೆ ಭಾರಿ ಆದಮ್ಯಾಲ ನನ್ನ ನಾಲಿಗಿ ಮ್ಯಾಲ ನಿನಗ ಯಾಕ ಭರೋಸಾ? ನಿಮ್ಮ ಬಸ್ಸಿನ ಮಂದಿ ನನ್ನ ಅಂಗಡಿ ಮುಂದ ಇಳೀತಾರ, ಖಾರಿ ತಗೋತಾರ, ಮೊದಲ ಕಟ್ಟಿ ಮ್ಯಾಲ ಬಡದು ನೋಡ್ತಾರ, ಆಮ್ಯಾಲ ಚಹಾದಾಗ ಎದ್ದತಾರ. ಒಬ್ಬಾಂವ ದವಡಿ ಹಿಡಕೊಂಡು ಸೆಲ್ಫಿ ತಗೊಂಡ. ನಮ್ಮಪ್ಪ ಹಚ್ಚಿದ ಭಟ್ಟಿ ಅದು. ನಗೂದಕ್ಕ ಇಟ್ಟಿಲ್ಲ.

ಇನ್ನ ಬರೀಬ್ಯಾಡ.

ಜುಲ್ಫಿಕಾರ

ಭಾಯಿಸಾಹೇಬರೇ, ನಾನು ನೂರಜಹಾನ. ಅವರ ಅಕ್ಷರ ಪೋಸ್ಟ್‌ಮ್ಯಾನಿಗೂ ತಿಳಿಯದ್ದರಿಂದ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ನಾನು ಬರೆದಿದ್ದೇನೆ. ಸಹಿ ಮಾಡಿ ಭಟ್ಟಿಗೆ ಹೋದರು. ಮೇಲಿನದು ಅವರ ಮಾತು. ಇಲ್ಲಿಂದ ಕೆಳಗಿನದು ಖರೆ.

ನಿಮ್ಮ ಕಾಗದವನ್ನು ಎರಡು ಸಲ ಓದಿಸಿ ಕೇಳಿದರು. ಸುಂಗಟೆಯ ಗಂಟೆ ಬಂದಾಗ ನಕ್ಕರು. ನಾನು ನೋಡಿದೆನೆಂದು ತಿಳಿದು ಕೆಮ್ಮಿದರು. ನಮ್ಮ ಸೀಮೆಯ ಗಂಡಸು ಒಂದೇ ಕರೆಗೆ ಊಟಕ್ಕೆ ಏಳುತ್ತಾನೆಯೇ? ಮೊದಲ ಸಲಕ್ಕೆ “ಬ್ಯಾಡ್ರಿ”. ಎರಡನೆಯ ಸಲಕ್ಕೆ “ಈಗಷ್ಟ ಆತ್ರಿ”. ಮೂರನೆಯ ಸಲಕ್ಕೆ “ನೀವು ಇಷ್ಟು ಅಂತೀರಿ ಅಂತ” ಎಂದು ಹೇಳಿ ಕೈ ತೊಳೆಯಲು ಹೋಗುತ್ತಾನೆ. ನೀವು ಕರೆದದ್ದು ಒಂದೇ ಸಲ.

---

ಬೆಳಗಾವಿ
೨ ಜುಲೈ ೨೦೨೫

ಜುಲ್ಫಿಕಾರಾ,

ಬರೆಯಬೇಡ ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ಮೀನಿನ ಹೆರಿಗೆ ರಜೆಯ ವಿಷಯ ನನಗೆ ಗೊತ್ತಿರಲಿಲ್ಲ. ಹಾಗಾದರೆ ಆಗಸ್ಟಿನಲ್ಲಿ ಹೋಗು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ತಾಜಾ ಮೀನು ಬರುತ್ತದೆಯೆಂದು ನಮ್ಮ ಡ್ರೈವರ್ ಮುತ್ತಪ್ಪ ಹೇಳಿದ. ಅವನು ಇನ್ನೂ ಏನೇನೋ ಹೇಳಿದ, ಬಾಯಲ್ಲಿ ನೀರೂರಿಸಿಕೊಂಡು. ನನಗೆ ಯಾವುದೂ ಅರ್ಥವಾಗಲಿಲ್ಲ. ಯಾರೋ ತಮಿಳಿನಲ್ಲಿ ಮಂತ್ರ ಹೇಳಿದ ಹಾಗಾಯಿತು.

ಹೋಗಿ ಬಾ. ಪುಸ್ತಿಕೆಯ ಹೊಸ ಮುದ್ರಣದಲ್ಲಿ ಖಾರಿಯ ಸಾಲು ಇರುವುದಿಲ್ಲ. ಅದರ ಬದಲು ಏನು ಬರೆಯಬೇಕೆಂದು ನೀನೇ ಹೇಳು. ಪ್ರಾಸ ನಾನು ಕೂಡಿಸುತ್ತೇನೆ.

ಬಸಯ್ಯ

---

ಖಾನಾಪುರ
೨೪ ಜುಲೈ ೨೦೨೫

ಬಸಯ್ಯಾ,

ಪ್ರಾಸಾ ಕೂಡಸಬ್ಯಾಡ, ಕೈಮುಗೀತೇನಿ. ಆಗಸ್ಟದಾಗ ಗಣಪತಿ ಹಬ್ಬ, ಆಮ್ಯಾಲ ಈದ್ ಮಿಲಾದ್. ಎರಡಕ್ಕೂ ಆರ್ಡರ್ ಅದಾವು. ಭಟ್ಟಿ ಬಿಟ್ಟು ನಾ ಎಲ್ಲಿ ಹೋಗಲಿ? ಆಗೂದಿಲ್ಲ.

ಜುಲ್ಫಿಕಾರ

ಭಾಯಿಸಾಹೇಬರೇ, ಎರಡು ಆಯಿತು. “ಆಗೂದಿಲ್ಲ” ಎಂದು ಬರೆಸಿದ ಮೇಲೆ, ಕಾರವಾರಕ್ಕೆ ಮುಂಜಾನೆಯ ಬಸ್ಸು ಎಷ್ಟಕ್ಕೆ ಎಂದು ಗಿರಾಕಿಯೊಬ್ಬನನ್ನು ಕೇಳುತ್ತಿದ್ದರು. ಭಟ್ಟಿಯನ್ನು ನಾನು ನೋಡಿಕೊಳ್ಳುತ್ತೇನೆ. ತಡ ಮಾಡಬೇಡಿ.
ನೂರಜಹಾನ

---

ಬೆಳಗಾವಿ
೧ ಆಗಸ್ಟ್ ೨೦೨೫

ಜುಲ್ಪ್ಯಾ,

ಹೋಗಿ ಬಾರೋ.

ಬಸ್ಯಾ

---

ಅಂಕೋಲಾ ಬಸ್ ನಿಲ್ದಾಣ
೧೨ ಸೆಪ್ಟೆಂಬರ್ ೨೦೨೫

ಬಸಯ್ಯನಿಗೆ,

ನೀನು ಇಷ್ಟು ಅನ್ನುತ್ತೀ ಎಂದು ಬಂದೆ. ನೂರಜಹಾನ ಜೊತೆಗಿಲ್ಲ, ಆದ್ದರಿಂದ ಸಾಲೆಯಲ್ಲಿ ಕಲಿಸಿದ ಹಾಗೆ ಸ್ವಂತ ಕೈಯಿಂದ ಬರೆಯುತ್ತಿದ್ದೇನೆ. ಓದಲು ಬಾರದಿದ್ದರೆ ನಿನ್ನ ಕರ್ಮ.

ವರದಿ ಹೀಗಿದೆ. ನಾನು ಉಪವಾಸ ಇದ್ದೇನೆ.

ನಗಬೇಡ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ, ಗಾಳಿಮರಗಳ ಬಾಜು ಒಂದು ಹೋಟೆಲು. ಕುಳಿತಲ್ಲಿಂದ ನೀರು ಕಾಣುತ್ತದೆ, ದೋಣಿ ಕಾಣುತ್ತದೆ, ಒಳಗಿನಿಂದ ಹುರಿದ ಬಂಗಡೆ ಮೀನಿನ ವಾಸನೆ ಬಂದು ಕೊರಳಪಟ್ಟಿ ಹಿಡಿಯುತ್ತದೆ. ಮಾಲೀಕ ರೋಹನ ಎಂಬ ಹುಡುಗ, ಬಹಳ ಮರ್ಯಾದಸ್ಥ. ನಿನ್ನ ಕಂಪನಿಯ ಹೆಸರು ಹೇಳಿದ್ದೇ ತಡ, ತಾಟನ್ನೇ ಹಿಡಿದು ಬಂದ.

“ಬನ್ನಿ ಸಾರ್, ಊಟ ಮಾಡಿ.”

“ಬ್ಯಾಡ್ರಿ,” ಎಂದೆ. ಮತ್ತೇನು ಅನ್ನಲಿ? ಅತಿಥಿ ನಾನು.

“ಹೌದಾ? ಸರಿ ಹಂಗಾರೆ,” ಎಂದು ತಾಟನ್ನು ಬಾಜೂ ಟೇಬಲ್ಲಿಗೆ ಇಟ್ಟುಬಿಟ್ಟ!

ನಾನು ಕಾದೆ. ಈಗ ಎರಡನೆಯ ಸಲ ಕೇಳುತ್ತಾನೆ, ಆಮೇಲೆ ಮೂರನೆಯ ಸಲ ಕೇಳುತ್ತಾನೆ ಎಂದು ನೀರು ಕುಡಿಯುತ್ತಾ ಕಾದೆ. ಅವನು ನನಗೆ ಫ್ಯಾನ್ ಹಾಕಿದ, ಪೇಪರ್ ಓದಲು ಕೊಟ್ಟ. ಊಟ ಕೇಳಲಿಲ್ಲ. ಆ ಬಂಗಡೆ ಇನ್ನೊಬ್ಬನ ತಾಟಿನಲ್ಲಿ ಮಲಗಿಕೊಂಡು ನನ್ನನ್ನೇ ನೋಡುತ್ತಿತ್ತು. ಕರೆದು ಕೂರಿಸಿದವರ ಕಡೆ ಬಾಯಿಬಿಟ್ಟು ಕೇಳುವುದು ಹೇಗೆ? ನೀನಾದರೂ ಕೇಳುತ್ತಿದ್ದೆಯಾ?

ಮರುದಿನ ಇನ್ನೊಂದು ಕಡೆ ಹುಷಾರಾಗಿ ಕುಳಿತೆ. ಮಾಲೀಕ ಕೇಳುವ ಮುಂಚೆಯೇ ಹೂಂ ಅನ್ನಬೇಕೆಂದು ಬಾಯಿ ತಯಾರು ಮಾಡಿಕೊಂಡೆ. “ಇಸ್ವಾಣ ಮೀನು ತಾಜಾ ಉಂಟು, ಹಾಕ್ಲಾ?” ಎಂದ. ಬಾಯಿ ತಾನೇ “ಈಗಷ್ಟ ಆತ್ರಿ” ಎಂದಿತು. ನಲವತ್ತೈದು ವರ್ಷದ ರೂಢಿ, ನಾನೇನು ಮಾಡಲಿ?

ಅಂಕೋಲೆಯಲ್ಲಿ ಒಂದು ಹಳೇ ಬೇಕರಿ ಇದೆ, ಒಬ್ಬ ಕ್ರಿಶ್ಚನ್ ಮುದುಕಿ ನಡೆಸುತ್ತಾಳೆ. ಕಟ್ಟಿಗೆಯ ಭಟ್ಟಿ. ಭೂಸದ ಹಿಟ್ಟಿನ ಪೋಯಿ ಎಂಬ ರೊಟ್ಟಿ, ಒಳಗೆ ಪೊಳ್ಳು, ಮುಖದ ಮೇಲೆ ಹಿಟ್ಟಿನ ಪೌಡರ್ ಹಚ್ಚಿಕೊಂಡ ಹಾಗೆ. ನಾನೂ ಬೇಕರಿಯವನು ಎಂದೆ. ಮುದುಕಿಗೆ ಖುಷಿಯಾಗಿ ಬಿಸಿ ಬಿಸಿ ಪೋಯಿ ತೆಗೆದು ಕೈಗೆ ಹಿಡಿದಳು. ಬೇಕರಿಯವನು ಬೇಕರಿಯವರ ಕಡೆ ಒಂದೇ ಮಾತಿಗೆ ತಿಂದರೆ ಹೇಗೆ ಕಾಣುತ್ತದೆ? ಬೇಡ ಎಂದೆ. ಬುಟ್ಟಿಗೆ ವಾಪಸ್ಸು ಹಾಕಿದಳು.

ಇಲ್ಲಿಯವರೆಗೆ ತಿಂದದ್ದು ಬಸ್ ನಿಲ್ದಾಣದ ಬಾಳೆಹಣ್ಣು. ಚೆನ್ನಾಗಿದೆ. ಬೇಕಿದ್ದರೆ ಅದನ್ನು ಪುಸ್ತಕದಲ್ಲಿ ಹಾಕು.

ಗೋಕರ್ಣಕ್ಕೆ ಹೋಗುವುದಿಲ್ಲ. ತಿರುಗಿ ಖಾನಾಪುರಕ್ಕೆ ಹೊರಟಿದ್ದೇನೆ.

ಜುಲ್ಫಿಕಾರ

---

ಬೆಳಗಾವಿ
೨೦ ಸೆಪ್ಟೆಂಬರ್ ೨೦೨೫

ಜುಲ್ಪ್ಯಾ,

ನಗಬೇಡ ಎಂದು ಬರೆದಿದ್ದೀ. ನಾನು ನಗಲಿಲ್ಲ. ನನ್ನ ಹೆಂಡತಿ ಪ್ರಮಿಳಾ ನಕ್ಕಳು, ಕೌಂಟರಿನವರು ನಕ್ಕರು, ಮುತ್ತಪ್ಪ ಬಸ್ಸು ಬಾಜೂಕ್ಕೆ ಹಚ್ಚಿ ನಕ್ಕ.

ಕರಾವಳಿಯವರ ತಪ್ಪಲ್ಲ. ಅವರು ಬೇಡ ಎಂದರೆ ಬೇಡ ಎಂದೇ ತಿಳಿಯುವ ಮಂದಿ. ನಮ್ಮಲ್ಲಿ ಹಸಿದವನೇ ಜೋರಾಗಿ ಬೇಡ ಅನ್ನುತ್ತಾನೆ. ಇದನ್ನು ಯೋಚಿಸದೆ ನಿನ್ನನ್ನು ಒಬ್ಬನೇ ಕಳಿಸಿದ್ದು ಬುದ್ಧಿಗೇಡಿತನ. ನಿನ್ನ ಜೊತೆ ಒಬ್ಬ ಒತ್ತಾಯ ಮಾಡುವವ ಬೇಕಿತ್ತು.

ನಾನೇ ಬರುತ್ತೇನೆ. ಮೀನು ತಿನ್ನುವುದು ನಿನ್ನ ಕೆಲಸ, ತಿನ್ನು ಎನ್ನುವುದು ನನ್ನ ಕೆಲಸ. ನನಗೆ ಅನ್ನ ಮತ್ತು ಕೋಕಂ ಕಡಿ ಎಂಬ ಹುಳಿಸಾರು ಸಾಕು. ವಾಸನೆ ತಡೆಯಲು ಎರಡು ವೀಳ್ಯದೆಲೆ ಇಟ್ಟುಕೊಳ್ಳುತ್ತೇನೆ. ಪುಸ್ತಿಕೆ ದಸರೆಯೊಳಗೆ ಆಗುವುದಿಲ್ಲ, ಇನ್ನೊಂದು ಹದಿನೈದು ದಿನ ಕೊಡಿ ಎಂದು ಸಾಹೇಬರಿಗೆ ಕೈಮುಗಿದಿದ್ದೇನೆ. ಅಕ್ಟೋಬರ್ ಒಂಬತ್ತಕ್ಕೆ ಹೊರಡೋಣ. ಖಾನಾಪುರ ಬಸ್ ನಿಲ್ದಾಣದಲ್ಲಿ ಹತ್ತು.

ಬಸ್ಯಾ

---

ಬೆಳಗಾವಿ
೬ ಅಕ್ಟೋಬರ್ ೨೦೨೫

ನೂರಜಹಾನ ಭಾಬಿಯವರಿಗೆ,

ಈ ಕಾಗದ ನಿಮಗೆ ಮಾತ್ರ. ಅವನಿಗೆ ಓದಿ ಹೇಳಬೇಡಿ.

ಸಂಜಯ ಸಾಹೇಬರು ಕಾರವಾರದ ಬಸ್ಸನ್ನೇ ನಿಲ್ಲಿಸುತ್ತಿದ್ದಾರೆ. ಕಾರ್ತಿಕ ಏಕಾದಶಿಯಿಂದ ಅದೇ ಬಸ್ಸು ಪಂಢರಪುರಕ್ಕೆ ಹೋಗುತ್ತದೆ. ಏಕಾದಶಿಗೆ ಉಪವಾಸ ಹೊರಟವರಿಗೆ ಎಲ್ಲಿ ಉಣ್ಣಬೇಕು ಎಂಬ ಪುಸ್ತಿಕೆ ಯಾಕೆ ಬೇಕು? ನನ್ನನ್ನು ಕೆಲಸದಿಂದ ತೆಗೆಯುವುದಿಲ್ಲವಂತೆ, ಡಿಕ್ಕಿಗೂ ಹಾಕುವುದಿಲ್ಲವಂತೆ. ಬಸ್ಸಿನಲ್ಲಿ ವಿಠ್ಠಲನ ಅಭಂಗದ ಹಾಡು ಹಚ್ಚುವ ಹೊಣೆ ಕೊಟ್ಟಿದ್ದಾರೆ.

ಈಗ ಜುಲ್ಫಿಕಾರನಿಗೆ ಇದನ್ನು ಹೇಳಿದರೆ ಅವನು ಬರುವುದಿಲ್ಲ. ಪುಸ್ತಿಕೆ ಇಲ್ಲ ಎಂದ ಮೇಲೆ ನಾನು ಯಾವ ನೆಪ ಹೇಳಿ ಕರೆಯಲಿ? ಒಂದು ವರ್ಷದ ಮೇಲೆ ಅವನು ನನ್ನ ಜೊತೆ ಒಂದೇ ಸೀಟಿನಲ್ಲಿ ಕೂಡಲು ಒಪ್ಪಿದ್ದಾನೆ. ನೀವೇನಾದರೂ ಅನ್ನಿರಿ, ನಾನು ಪೆನ್ನೂ ಪುಸ್ತಕವೂ ಹಿಡಿದೇ ಬರುತ್ತೇನೆ.

ನಿಮ್ಮ ಮೈದುನ,
ಬಸಯ್ಯ

---

ಗೋಕರ್ಣ
೧೩ ಅಕ್ಟೋಬರ್ ೨೦೨೫

ಭಾಬಿಯವರಿಗೆ,

ನಿಮ್ಮ ಯಜಮಾನರು ಉಂಡು ಮಲಗಿದ್ದಾರೆ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೊಟ್ಟೆ ಗುಡ್ಡದ ಹಾಗಿದೆ. ಚಿಂತೆಗೆ ಕಾರಣವಿಲ್ಲ.

ಕಾರವಾರದಲ್ಲಿ ಮೊದಲು ರೋಹನನ ಹೋಟೆಲಿಗೇ ಹೋದೆವು. ನಮ್ಮ ಕೆಲಸ ಹೇಗೆ ನಡೆಯಿತೆಂದು ಹೇಳುತ್ತೇನೆ. ರೋಹನ ಬಂಗಡೆ ತಂದ. ಇವನು ಬೇಡ ಎಂದ. ರೋಹನ ತಾಟು ಎತ್ತುವುದರೊಳಗೆ ನಾನು ಅವನ ಕೈ ಹಿಡಿದೆ.

“ತಿನ್ನೋ ಜುಲ್ಪ್ಯಾ.”

“ಈಗಷ್ಟ ಆತು.”

“ಬಸ್ಸಿನ್ಯಾಗ ಒಂದು ಬಾಳಿಹಣ್ಣ ತಿಂದಿ, ನಾನ ಸುಲದು ಕೊಟ್ಟೇನಿ. ತಿನ್ನು.”

“ನೀ ಇಷ್ಟು ಅಂತಿ ಅಂತ...” ಎಂದು ತಾಟು ಎಳೆದುಕೊಂಡವನು ಮತ್ತೆ ತಲೆ ಎತ್ತಿದ್ದು ಮುಳ್ಳು ಮಾತ್ರ ಉಳಿದಾಗ.

ರೋಹನ ನನ್ನನ್ನು ಬದಿಗೆ ಕರೆದು, “ಸಾರ್, ಇವ್ರಿಗೆ ಹುಷಾರಿಲ್ವಾ? ಮಕ್ಕಳಿಗೆ ಔಷಧಿ ಕುಡಿಸ್ದಂಗೆ ಹೇಳ್ತ್ರಲ್ಲ?” ಎಂದ. ನಮ್ಮ ಸೀಮೆಯ ಪದ್ಧತಿ ವಿವರಿಸಿದೆ. ಅವನಿಗೆ ಬಹಳ ಹಿಡಿಸಿತು. ಅಲ್ಲೇ ಕುಳಿತಿದ್ದ ಒಬ್ಬ ಸ್ಥಳೀಯನಿಗೆ ಮೂರು ಸಲ “ಮೀನು ಹಾಕ್ಲಾ” ಎಂದು ಕೇಳಿದ. ಆ ಮನುಷ್ಯ ಎದ್ದು ನಿಂತು, “ಬೇಡ ಅಂದ್ರೆ ಕಿವಿ ಕೇಳೂದಿಲ್ವನ?” ಎಂದು ಹೊರಟೇಹೋದ. ಪದ್ಧತಿಗಳನ್ನು ಘಟ್ಟ ಇಳಿಸಬಾರದು.

ಕುಮಟೆಯಲ್ಲಿ ಲಕ್ಷ್ಮೀ ಎಂಬುವರು ಮನೆಯ ಪಡಸಾಲೆಯಲ್ಲೇ ಊಟ ಹಾಕುತ್ತಾರೆ. ತಿಸರೆ ಎಂಬ ಚಿಪ್ಪಿನ ಪಲ್ಯ. ಇವನು ಚಿಪ್ಪು ಬಿಡಿಸಿ ಬಿಡಿಸಿ ತಿನ್ನುವುದನ್ನು ನೋಡಿದರೆ ಗಡಿಯಾರ ರಿಪೇರಿ ಮಾಡುವವನ ಹಾಗೆ ಕಾಣುತ್ತಿದ್ದ. ಆ ತಾಯಿ ನನ್ನ ತಾಟಿನಲ್ಲಿ ಬರೀ ಅನ್ನ ನೋಡಿ ಸಂಕಟಪಟ್ಟು, “ಇದು ಮೀನಲ್ಲ, ಒಣ ಸೀಗಡಿ ಚಟ್ನಿ ಅಷ್ಟೇ,” ಎಂದು ಬಡಿಸಲು ಬಂದರು. ನಾನು ಬೇಡ ಎಂದೆ. ಒಂದೇ ಸಲಕ್ಕೆ ನಂಬಿದರು. ಆಗ ಕರಾವಳಿಯ ಪದ್ಧತಿಯ ಬೆಲೆ ತಿಳಿಯಿತು.

ಪ್ರತಿ ಊಟ ಮುಗಿದ ಮೇಲೆ ಇವನು ಕೈ ತೊಳೆದು ಬಂದು, ಕಣ್ಣು ಮುಚ್ಚಿ, “ಬರಕೋ,” ಅನ್ನುತ್ತಾನೆ. “ಮಸಾಲಿ ಚಲೋ, ಹುಳಿ ಒಂದು ಚೂರು ಮುಂದ.” ನಾನು ಬರೆದುಕೊಳ್ಳುತ್ತೇನೆ. ಯಾವ ಪುಸ್ತಕಕ್ಕೆ ಎಂದು ದೇವರಿಗೂ ಗೊತ್ತಿಲ್ಲ. ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.

ಅಂಕೋಲೆಯ ಮುದುಕಿಯ ಬೇಕರಿಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ನಾನು ಒಂದೇ ಸಲ ತಿನ್ನು ಎಂದದ್ದು. ಇವನು ತಕ್ಷಣ ತೆಗೆದುಕೊಂಡ. ಪೋಯಿ ಮುರಿದು, ಮೂಸಿ, ಬೆರಳಿನಿಂದ ಒತ್ತಿ, ಬಾಯಿಗಿಟ್ಟು, ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತ. ನನಗೆ ಬರಕೋ ಅನ್ನಲಿಲ್ಲ. ಕೊನೆಗೆ ಕೇಳಿದ,

“ಬಸ್ಯಾ, ನನ್ನ ಖಾರಿ ಖರೇನ ಗಟ್ಟಿ ಇತ್ತೇನೋ?”

“ಪ್ರಾಸಕ್ಕ ಬರದದ್ದೋ ಮಾರಾಯಾ.”

“ಅದನ್ನ ಕೇಳಲಿಲ್ಲ ನಾ.”

“ಮಳಿಗಾಲದಾಗ ಒಂದೀಟ ಗಟ್ಟಿ ಇತ್ತು.”

“ಮಳಿಗಾಲದಾಗ ಖಾರಿ ಮೆತ್ತಗ ಆಕ್ಕೇತಿ, ಸುಳ್ಳ! ಸಮಾಧಾನ ಮಾಡಾಕೂ ಬರಾಂಗಿಲ್ಲ ನಿನಗ.”

ಆಮೇಲೆ ಇಬ್ಬರಿಗೂ ನಗು ತಡೆಯಲಿಲ್ಲ. ಮುದುಕಿ ಹೊರಗೆ ಬಂದು, ತನ್ನ ರೊಟ್ಟಿಯಲ್ಲಿ ಏನು ಸಿಕ್ಕಿತೋ ಎಂದು ಗಾಬರಿಯಾಗಿ ನೋಡಿದಳು. ಇವನು ಎದ್ದು, ಕೇಳದೆಯೇ ಇನ್ನೆರಡು ಪೋಯಿ ಬುಟ್ಟಿಯಿಂದ ತೆಗೆದುಕೊಂಡ. ಒಂದನ್ನು ಮುರಿದು ನನ್ನ ಕೈಗಿಟ್ಟ. ಮೊಟ್ಟೆ ಇಲ್ಲವೆಂದು ಮುದುಕಿಯಿಂದ ಹೇಳಿಸಿ, ಆಮೇಲೆ ಕೊಟ್ಟ.

ಈಗ ಎಚ್ಚರವಾಗುವ ಹೊತ್ತು. ಕಿಟಕಿಯಲ್ಲಿ ಕಡಲು ಕಾಣುತ್ತಿದೆ. ಬಹಳ ನೀರು.

ಬಸಯ್ಯ

---

ಖಾನಾಪುರ
೨೮ ಅಕ್ಟೋಬರ್ ೨೦೨೫

ಬಸ್ಯಾ,

ಒಂದು ಮಾತು ಹೇಳೂದೈತಿ. ಸಿಟ್ಟಾಗಬ್ಯಾಡ. ದಸರಾದ ಮರುದಿನ ನಿಮ್ಮ ಸಂಜಯ ಸಾಹೇಬ ಕಾರ್ ನಿಲ್ಲಿಸಿ ನಮ್ಮಲ್ಲಿ ಬ್ರೆಡ್ ತಗೊಂಡ. ಕಾರವಾರದ ಬಸ್ಸು ಬಂದ್ ಮಾಡಿ ಪಂಢರಪುರಕ್ಕ ಬಿಡತೇನಿ, ನಿಮ್ಮ ಅಂಗಡಿ ಮುಂದ ಇನ್ನ ನಿಂದ್ರೂದಿಲ್ಲ ಅಂತ ಹೇಳಿ ಹೋದ. ನನಗ ತಿಳೀತು, ನಿನ್ನ ಪುಸ್ತಕ ಮುಳುಗ್ತು ಅಂತ. ನಿನಗ ಹೇಳಾಕ ಬಾಯಿ ಬರಲಿಲ್ಲ. ಪಾಪ, ಪೆನ್ನಾ ಹಿಡಕೊಂಡು ಹೊಂಟು ನಿಂತಿದ್ದಿ. ಹೇಳಿದ್ದರ ನೀ ಮನ್ಯಾಗ ಕುಂದರತಿದ್ದಿ. ಅದಕ್ಕ ಸುಮ್ಮನ ಬಂದೆ. ಪ್ರತಿ ಊಟಕ್ಕ ಬರಕೋ ಬರಕೋ ಅಂದೆ, ನಿನಗ ಅನುಮಾನ ಬರಬಾರದು ಅಂತ. ನೀ ಬರಕೊಳ್ಳೂದು ನೋಡಲಾರದ ಕಣ್ಣ ಮುಚ್ಚತಿದ್ದೆ.

ಬರದದ್ದು ಹರೀಬ್ಯಾಡ. ಹೊನ್ನಾವರ, ಭಟ್ಕಳ ಇನ್ನೂ ಉಳದಾವು. ಪುಸ್ತಕ ಇಲ್ಲದಿದ್ದರ ಹೊಟ್ಟಿ ಐತೆಲ್ಲ.

ಜುಲ್ಪ್ಯಾ

ಭಾಯಿಸಾಹೇಬರೇ, ಮೇಲಿನದನ್ನು ಬರೆಯುವಾಗ ಅಕ್ಷರ ಅಲುಗಾಡಿದ್ದರೆ ಕ್ಷಮಿಸಿ, ನಗು ತಡೆದುಕೊಂಡು ಬರೆದಿದ್ದೇನೆ. ಅವರು ತಮ್ಮ ಗುಟ್ಟನ್ನು ನನಗೆ ದಸರೆಯ ಮರುದಿನವೇ ಹೇಳಿದ್ದರು. ನಾಲ್ಕು ದಿನಕ್ಕೆ ಅದೇ ಗುಟ್ಟು ನಿಮ್ಮ ಕಾಗದದಲ್ಲೂ ಬಂತು. ಇಬ್ಬರೂ ಹೇಳಬೇಡ ಅಂದಿರಿ, ನಾನು ಇಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ನೀವು ಅಲ್ಲಿ, ಅವರು ಇಲ್ಲಿ, ಗೋಡೆ ನೋಡುತ್ತಾ ಕೂಡುತ್ತಿದ್ದಿರಿ. ನಿಮಗೂ ಗೊತ್ತಿತ್ತು ಎಂಬುದು ಅವರಿಗೆ ಈ ಗಳಿಗೆಯವರೆಗೂ ಗೊತ್ತಿಲ್ಲ. ಅದನ್ನು ನೀವೇ ಎದುರು ಕುಳಿತು ಹೇಳಬೇಕು. ಅದಕ್ಕೆ ಹೊತ್ತೂ ಜಾಗವೂ ನಾನು ಮಾಡಿದ್ದೇನೆ.

ನೀವಿಬ್ಬರೂ ಕಡಲು ನೋಡಿ ಬಂದಿರಿ. ಅಷ್ಟೂ ದಿನ ಇಲ್ಲಿ ಭಟ್ಟಿ ಹಚ್ಚಿದವಳು ನಾನು. ಅವರು ಬಂದಾಗಿನಿಂದ ಬಂಗಡೆಯ ವರ್ಣನೆ ಕೇಳುತ್ತಾ ಬೇಳೆಸಾರು ಉಣ್ಣುತ್ತಿದ್ದೇನೆ. ಮುಂದಿನ ವಾರ ಗುರುವಾರ ನಾನೂ ನನ್ನ ತಂಗಿ ಕೌಸರಳೂ ಕಾರವಾರಕ್ಕೆ ಹೊರಟಿದ್ದೇವೆ. ಅವಳು ಗುಂಜಿಯಿಂದ ರೈಲಿಗೆ ಬಂದು ಮುಟ್ಟುತ್ತಾಳೆ. ನಾವು ಹೆಣ್ಣುಮಕ್ಕಳು, ತಾಟು ಕಂಡರೆ ನೇರ ಕೂಡುತ್ತೇವೆ.

ನೀವು ಬುಧವಾರ ಸಂಜೆಯೇ ಖಾನಾಪುರಕ್ಕೆ ಬರಬೇಕು. ಅವರಿಗೆ ಒಬ್ಬರಿಗೇ ಭಟ್ಟಿ ನೀಗುವುದಿಲ್ಲ. ಕೇಕಿಗೆ ಮೊಟ್ಟೆ ಒಡೆಯುವ ಕೆಲಸ ಅವರು ಮಾಡುತ್ತಾರೆ, ನಿಮ್ಮ ಮಡಿಗೆ ಭಂಗವಿಲ್ಲ. ಹಿಟ್ಟು ನಾದುವುದು ನಿಮ್ಮದು. ಮನೆಯ ಫೋನು ನನ್ನ ಜೊತೆ ಬರುತ್ತದೆ. ಆದರೆ ಹಿಟ್ಟು ಉಬ್ಬಲಿಲ್ಲವೆಂದು ಯಾರ ಫೋನಿನಿಂದಲೂ ಕರೆಯಬೇಡಿ. ನಾನು ಊಟಕ್ಕೆ ಕುಳಿತಿರುತ್ತೇನೆ.

ನೂರಜಹಾನ